ರಜೆಯ ಸೇವೆ: ಮೊದಲು ಆಯಾಗಳ ಕೆಲಸಕ್ಕೆ ಕೈ ಜೋಡಿಸಿ

ಮಾನ್ಯ ಸಂಪಾದಕರೇ,

ವಿಯೆಟ್ನಾಂ ಪ್ರವಾಸದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹ ಓದಿದೆ. ದಾ ನಾಂಗ್ ನಗರದ ಕಡಲತೀರ, ಬಾ ನಾ ಬೆಟ್ಟದ ಮೇಲೆ ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತೆ ಕಟ್ಟಿರುವ ಸೇತುವೆ ಎಲ್ಲವೂ ಅದರಲ್ಲಿತ್ತು. ಕೊನೆಯಲ್ಲಿ, ಅಲ್ಲಿನ ವಿಶೇಷ ಚೇತನ ಮಕ್ಕಳ ಕೇಂದ್ರಗಳಲ್ಲಿ ಸೇವೆ ಮಾಡುತ್ತಲೇ ರಜೆ ಕಳೆಯಬಹುದು ಎಂಬ ಸಾಲೂ ಇತ್ತು. ನನ್ನ ಪತ್ರ ಆ ಒಂದು ಸಾಲಿನ ಬಗ್ಗೆ.

ನಾನು ಬೆಳ್ತಂಗಡಿ, ಪುತ್ತೂರು ಭಾಗದಲ್ಲಿ ಮನೆ ಮನೆಗೆ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ನನ್ನ ರಜೆಯನ್ನು ಅದೇ ದಾ ನಾಂಗ್‌ನ ಒಂದು ಹಗಲು ಪಾಲನಾ ಕೇಂದ್ರದಲ್ಲಿ ಕಳೆದು ಬಂದಿದ್ದೇನೆ. ಆ ಸುದ್ದಿ ಹರಡಿದ ಮೇಲೆ ‘ನಾವೂ ಹೋಗಬಹುದೇ?’ ಎಂದು ಕೇಳಿಕೊಂಡು ಕಾಲೇಜು ವಿದ್ಯಾರ್ಥಿಗಳು ಬರುತ್ತಿದ್ದಾರೆ. ಒಬ್ಬ ಹುಡುಗಿ ಯಾವುದೋ ಏಜೆನ್ಸಿಯ ಕರಪತ್ರವನ್ನೇ ಹಿಡಿದು ತಂದಿದ್ದಳು. ಎರಡು ವಾರದ ಸೇವೆ, ನಡುವೆ ವಿಹಾರ, ಕೊನೆಗೊಂದು ಪ್ರಮಾಣಪತ್ರ, ಅದಕ್ಕೆ ನಮ್ಮಲ್ಲಿ ಒಂದು ಮಧ್ಯಮ ವರ್ಗದ ಕುಟುಂಬ ವರ್ಷವಿಡೀ ಉಳಿಸಿದರೂ ಸಾಲದಷ್ಟು ಶುಲ್ಕ. ಮಕ್ಕಳ ಕಾಯಿಲೆ ಏನು, ಅವರನ್ನು ದಿನವೂ ನೋಡಿಕೊಳ್ಳುವವರು ಯಾರು ಎಂಬುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅವಳಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ: ಖಂಡಿತ ಹೋಗಿ. ಆದರೆ ಮಗುವನ್ನು ಎತ್ತಿಕೊಳ್ಳಲು ಹೋಗಬೇಡಿ, ಮಗುವನ್ನು ಎತ್ತುತ್ತಿರುವವರ ಹೊರೆ ಇಳಿಸಲು ಹೋಗಿ.

ದಾ ನಾಂಗ್ ನನ್ನನ್ನು ಕರೆದದ್ದಕ್ಕೆ ಕಾರಣವಿದೆ. ನಮ್ಮ ಪ್ರವಾಸಿಗರು ಬಂದಿಳಿಯುವ ಅಲ್ಲಿನ ವಿಮಾನ ನಿಲ್ದಾಣ ವಿಯೆಟ್ನಾಂ ಯುದ್ಧಕಾಲದಲ್ಲಿ ಅಮೆರಿಕದ ವಾಯುನೆಲೆಯಾಗಿತ್ತು. 1961ರಿಂದ 1971ರವರೆಗೆ ವಿಯೆಟ್ನಾಂನ ಕಾಡು ಮತ್ತು ಗದ್ದೆಗಳ ಮೇಲೆ ಸುರಿದ ಏಳು ಕೋಟಿ ಲೀಟರಿಗೂ ಹೆಚ್ಚಿನ ಕಳೆನಾಶಕದಲ್ಲಿ ಬಹುಪಾಲು ಏಜೆಂಟ್ ಆರೆಂಜ್. ಪೀಪಾಯಿಗಳ ಮೇಲಿದ್ದ ಕಿತ್ತಳೆ ಪಟ್ಟಿಯಿಂದ ಆ ಹೆಸರು ಬಂತು. ಆ ಪೀಪಾಯಿಗಳನ್ನು ಕೂಡಿಟ್ಟು ವಿಮಾನಗಳಿಗೆ ತುಂಬಿಸುತ್ತಿದ್ದ ನೆಲೆಗಳಲ್ಲಿ ಇದೂ ಒಂದು. ಸೋರಿದ ವಿಷದಲ್ಲಿದ್ದ ಡಯಾಕ್ಸಿನ್ ಎಂಬ ಅಪಾಯಕಾರಿ ರಾಸಾಯನಿಕ ಮಣ್ಣಿನಲ್ಲೇ ಉಳಿಯಿತು, ಪಕ್ಕದ ಕೆರೆಯ ಮೀನಿನೊಳಗೂ ಸೇರಿತು. ಎರಡೂ ದೇಶಗಳು ಸೇರಿ 2012ರಲ್ಲಿ ಶುದ್ಧೀಕರಣ ಆರಂಭಿಸಿದವು. ಸುಮಾರು 90,000 ಘನ ಮೀಟರ್ ಮಣ್ಣು ಮತ್ತು ಕೆಸರನ್ನು ದೊಡ್ಡ ಗೂಡಿನಂಥ ಕಟ್ಟಡದಲ್ಲಿ ತುಂಬಿ 335 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ 2018ರಲ್ಲಿ ಆ ಕೆಲಸ ಮುಗಿಸಿದರು. ಮಣ್ಣನ್ನು ಹಾಗೆ ಶುದ್ಧ ಮಾಡಬಹುದು. ಮೂರನೆಯ ತಲೆಮಾರಿನ ಮಕ್ಕಳು ಇಂದಿಗೂ ಆ ವಿಷದ ಹೆಸರಿನಲ್ಲಿ ನಡೆಯುವ ಕೇಂದ್ರಗಳಿಗೆ ಬರುತ್ತಿದ್ದಾರೆ.

ನಮ್ಮ ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳ ಹೊಸ್ತಿಲು ತುಳಿದವರಿಗೆ ಇದು ಪರದೇಶದ ಕಥೆಯಾಗಿ ಕೇಳಿಸುವುದಿಲ್ಲ. ಗೇರು ಹೂ ಬಿಡುವ ಕಾಲಕ್ಕೆ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ನೆನಪು ನಮ್ಮ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಸುಪ್ರೀಂ ಕೋರ್ಟ್ ಅದನ್ನು 2011ರಲ್ಲಿ ನಿಷೇಧಿಸುವ ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಾಗಿತ್ತು. ಯುದ್ಧದ ಕಳೆನಾಶಕವೂ ತೋಟದ ಕೀಟನಾಶಕವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಆಕಾಶದಿಂದ ಬಿದ್ದ ಅವುಗಳ ಲೆಕ್ಕವನ್ನು ನೆಲದ ಮೇಲಿನ ತಾಯಂದಿರು ತೀರಿಸುತ್ತಿರುವುದು ಎರಡೂ ಕಡೆ ಒಂದೇ. ಅಲ್ಲಿನವರು ಹೇಗೆ ನಿಭಾಯಿಸುತ್ತಾರೆಂದು ಕಲಿಯಬೇಕೆಂದೇ ದಾ ನಾಂಗ್‌ಗೆ ಹೋದೆ. ಕೇಂದ್ರಕ್ಕೆ ತಿಂಗಳುಗಟ್ಟಲೆ ಮೊದಲೇ ಬರೆದು, ನನಗೆ ಗೊತ್ತಿರುವ ಕೆಲಸವನ್ನೂ ಗೊತ್ತಿಲ್ಲದ್ದನ್ನೂ ತಿಳಿಸಿ, ಅವರ ಅನುಮತಿ ಪತ್ರವೂ ತಕ್ಕ ವೀಸಾವೂ ಕೈಸೇರಿದ ಬಳಿಕವೇ ಟಿಕೆಟ್ ತೆಗೆದೆ.

ಬೆಳಿಗ್ಗೆ ವ್ಯಾನ್ ಮಕ್ಕಳನ್ನು ಮನೆಗಳಿಂದ ಕರೆತರುತ್ತದೆ, ಸಂಜೆ ಮನೆಗೆ ಮುಟ್ಟಿಸುತ್ತದೆ. ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಮೊಬೈಲ್ ಇಟ್ಟೇ ಒಳಗೆ ಹೋಗಬೇಕು. ಹಿರಿಯ ಆಯಾ ಅರವತ್ತರ ಸಮೀಪದ ಹೆಂಗಸು. ನನ್ನ ಪದವಿ, ಅನುಭವ ಎಲ್ಲವನ್ನೂ ದುಭಾಷಿಯ ಮೂಲಕ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಅಡುಗೆಮನೆಗೆ ಕರೆದೊಯ್ದು ಗಂಜಿ ಸೋಸುವ ಜರಡಿಯನ್ನು ಕೈಗೆ ಕೊಟ್ಟರು. ಗಂಜಿ ಕುಡಿದೇ ಬೆಳೆದ ಕರಾವಳಿಯವಳಿಗೆ ಆ ಅಡುಗೆಮನೆ ಅಪರಿಚಿತ ಅನ್ನಿಸಲಿಲ್ಲ. ಒಬ್ಬಳಿಗೆ ಅಗುಳು ಉಳಿಯಬಾರದು, ಇನ್ನೊಬ್ಬನಿಗೆ ಚಮಚ ವಾಲಿಸಿದರೂ ಜಾರದಷ್ಟು ದಪ್ಪವಾಗಿರಬೇಕು, ಮತ್ತೊಬ್ಬ ತೆಳ್ಳಗಿದ್ದರೆ ಮಾತ್ರ ಕುಡಿಯುತ್ತಾನೆ. ಯಾವ ಮಗುವಿಗೆ ಯಾವುದೆಂದು ಎಲ್ಲಿಯೂ ಬರೆದಿರಲಿಲ್ಲ. ಎಲ್ಲವೂ ಆ ಹೆಂಗಸರ ತಲೆಯಲ್ಲಿತ್ತು.

ಉಣಿಸುವುದನ್ನು ನೋಡುತ್ತಾ ನಿಂತೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇರುವ ಮಗುವಿನ ಕತ್ತು ಹಿಂದಕ್ಕೆ ವಾಲಿದರೆ ತುತ್ತು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಹಾಗೆ ಇಳಿದದ್ದು ಮತ್ತೆ ಮತ್ತೆ ನ್ಯುಮೋನಿಯಾ ಆಗಿ ಕಾಡುತ್ತದೆ. ಆಯಾ ಮಗುವಿನ ಎದುರು ತಗ್ಗಿನಲ್ಲಿ ಕುಳಿತರು, ಏಕೆಂದರೆ ನಿಂತು ಉಣಿಸಿದರೆ ಮಗು ಕತ್ತೆತ್ತಲೇಬೇಕಾಗುತ್ತದೆ. ಒಂದು ಅಂಗೈ ತಲೆಯ ಹಿಂದೆ. ಗದ್ದ ತುಸು ಎದೆಯತ್ತ ಬಾಗುವವರೆಗೆ ಕಾದು, ಅರ್ಧ ಚಮಚ ಗಂಜಿಯನ್ನು ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ ಇಟ್ಟು, ತುಟಿ ಮುಚ್ಚುವುದನ್ನು ನೋಡಿ, ಗಂಟಲು ಮೇಲೆದ್ದು ಇಳಿಯುವುದನ್ನು ನೋಡಿ, ಬಾಯಿ ಖಾಲಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಂಡು ನಂತರವೇ ಮುಂದಿನ ಚಮಚ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಅವರು ಬೇರೆ ಕಡೆ ಕಣ್ಣು ಹೊರಳಿಸಲಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ, ತಾಯಂದಿರಿಗೆ ಕಲಿಸುತ್ತಲೂ ಇದ್ದೇನೆ. ಅಷ್ಟು ನಿಷ್ಠೆಯಿಂದ ಮಾಡುವವರನ್ನು ಕಂಡದ್ದು ಅಪರೂಪ.

ಎರಡು ವಾರಕ್ಕೆಂದು ಬರುವ ಹುಡುಗ ಹುಡುಗಿಯರು, ಎಷ್ಟೇ ಒಳ್ಳೆಯ ಮನಸ್ಸಿನವರಾಗಿರಲಿ, ಆ ಚಮಚವನ್ನು ಹಿಡಿಯಬಾರದು. ಅದು ಅವರ ಪ್ರೀತಿಯನ್ನು ಅನುಮಾನಿಸುವ ಮಾತಲ್ಲ. ಮಾತು ಬಾರದ ಮಗು ತನ್ನ ಹೊಟ್ಟೆನೋವನ್ನು, ಮೂತ್ರದ ಅವಸರವನ್ನು, ಬರಲಿರುವ ಫಿಟ್ಸ್ ಅನ್ನು ಕಣ್ಣು ಬೆರಳುಗಳ ಅಲ್ಪ ಚಲನೆಯಲ್ಲಿ ತಿಳಿಸುತ್ತದೆ, ಮತ್ತು ಅದನ್ನು ಗುರುತಿಸಲು ತಿಂಗಳುಗಳು ಬೇಕು. ಇನ್ನೊಂದು ಸಂಗತಿಯೂ ಇದೆ. ಆ ಕೇಂದ್ರದಲ್ಲಿ ಎಂಟು ವರ್ಷದ ಒಬ್ಬ ಹುಡುಗ ಹೊಸಬರು ಕೈಚಾಚಿದರೆ ಮುಖ ತಿರುಗಿಸುತ್ತಿದ್ದ. ಹಿಂದೊಮ್ಮೆ ಒಬ್ಬ ಸ್ವಯಂಸೇವಕಿಯನ್ನು ಬಹಳ ಹಚ್ಚಿಕೊಂಡಿದ್ದನಂತೆ. ಆಕೆ ಹೋದ ಮೇಲೆ ದಿನಗಟ್ಟಲೆ ಊಟ ಬಿಟ್ಟನಂತೆ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಅಂದಿನಿಂದ ಕೇಂದ್ರದವರೇ ಒಂದು ನಿಯಮ ಮಾಡಿಕೊಂಡಿದ್ದಾರೆ: ಸ್ವಲ್ಪ ದಿನಕ್ಕೆ ಬಂದವರು ಬಟ್ಟೆ ಒಗೆಯಲಿ, ನೆಲ ಒರೆಸಲಿ, ತರಕಾರಿ ಹೆಚ್ಚಲಿ, ವ್ಯಾನ್ ತೊಳೆಯಲಿ. ಆಯಾಗಳಿಗೆ ಸಿಕ್ಕ ಆ ಬಿಡುವು ಮಕ್ಕಳ ಪಾಲಾಗುತ್ತದೆ. ಆ ನಿಯಮಕ್ಕೆ ನಾನು ಮನಸಾರೆ ತಲೆಬಾಗಿದೆ.

ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಊಟವಾದ ಮೇಲೆ, ಮಕ್ಕಳು ಮಲಗಿದ ಹೊತ್ತಿನಲ್ಲಿ. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಹಿಟ್ಟಿನ ಅಂಟಿನಿಂದ ಪದರದ ಮೇಲೆ ಪದರ ಕೂಡಿಸಿ, ಭಾರ ಹೇರಿ ಒಣಗಿಸಿದರೆ ಹಲಗೆಯಷ್ಟೇ ಗಟ್ಟಿಯಾಗುತ್ತದೆ. ಅದರಿಂದ ಬೆನ್ನು ಮತ್ತು ಎರಡೂ ಭುಜಗಳಿಗೆ ಆಸರೆ ಕೊಡುವ ಮೂಲೆಕುರ್ಚಿ ಮಾಡಬಹುದು. ನಾವು ಇಲ್ಲಿ ಮೈದಾ ಅಂಟು ಬಳಸುತ್ತೇವೆ, ಅವರು ಮರಗೆಣಸಿನ ಹಿಟ್ಟು ಕಾಯಿಸಿದರು. ಅದೇ ಹೆಚ್ಚು ಬಿಗಿಯಾಗಿ ಹಿಡಿಯಿತು. ಮಗುವಿನ ತೊಡೆಯ ಉದ್ದ, ಸೊಂಟದ ಅಗಲ ಅಳೆಯುವುದನ್ನು ಆಯಾಗಳಿಗೆ ಹೇಳಿಕೊಟ್ಟೆ. ಮೊದಲ ಕುರ್ಚಿ ನಾವು ಕೂಡಿ ಮಾಡಿದ್ದು, ಎರಡನೆಯದನ್ನು ಅವರೇ ಮಾಡಿದರು. ಮಗು ಬೆಳೆದಂತೆ ಹೊಸ ಕುರ್ಚಿ ಬೇಕಾದಾಗ ಯಾರ ದಾರಿಯನ್ನೂ ಅವರು ಕಾಯಬೇಕಿಲ್ಲ.

ಪೋಷಕರಲ್ಲಿ ಒಂದು ಕಳಕಳಿಯ ವಿನಂತಿ. ಮಕ್ಕಳು ರಾತ್ರಿಯೂ ಉಳಿಯುವ ‘ಅನಾಥಾಲಯ’ಗಳಿಗೆ ಹಣ ಕಟ್ಟಿ ನಿಮ್ಮ ಮಕ್ಕಳನ್ನು ಸೇವೆಗೆ ಕಳುಹಿಸಬೇಡಿ. ಬಡ ತಂದೆತಾಯಿಗಳ ಮಕ್ಕಳನ್ನು ಓದಿಸುವ ನೆಪದಲ್ಲಿ ತಂದು, ಅನಾಥರೆಂದು ತೋರಿಸಿ ವಿದೇಶಿಯರಿಂದ ದುಡ್ಡು ಎತ್ತುವ ದಂಧೆ ಕಾಂಬೋಡಿಯಾ, ನೇಪಾಳಗಳಲ್ಲಿ ಬಯಲಾಗಿದೆ. ಆಸ್ಟ್ರೇಲಿಯಾ 2018ರ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಅನಾಥಾಲಯಕ್ಕಾಗಿ ಮಕ್ಕಳನ್ನು ಸಾಗಿಸುವುದನ್ನು ಗುಲಾಮಗಿರಿಯ ಒಂದು ರೂಪವೆಂದೇ ಗುರುತಿಸಿತು. ಮರುವರ್ಷ ವಿಶ್ವಸಂಸ್ಥೆಯ ಮಹಾಸಭೆ ಇಂಥ ಪ್ರವಾಸ ಮತ್ತು ಸೇವೆಯಿಂದ ಮಕ್ಕಳಿಗಾಗುವ ಹಾನಿಯ ಬಗ್ಗೆ ಎಚ್ಚರಿಸಿತು. ಸಂಜೆ ಮಗು ತನ್ನ ಮನೆಗೆ ಹೋಗುತ್ತದೆಯೇ, ಕೇಂದ್ರವನ್ನು ಸ್ಥಳೀಯರೇ ನಡೆಸುತ್ತಾರೆಯೇ, ಮಗುವನ್ನು ಮುಟ್ಟುವ ಮೊದಲು ನಿಮ್ಮ ಪೂರ್ವಾಪರ ವಿಚಾರಿಸುತ್ತಾರೆಯೇ ಎಂದು ಕೇಳಿ. ನಿಮ್ಮ ಬಗ್ಗೆ ಏನೊಂದೂ ವಿಚಾರಿಸದೆ ಬಾಗಿಲು ತೆರೆಯುವವರು ನಾಳೆ ಬೇರೆ ಯಾರಿಗೂ ಹಾಗೆಯೇ ತೆರೆಯುತ್ತಾರೆ.

ಇನ್ನು ನಮ್ಮ ಜಿಲ್ಲೆಯ ಮಾತು. ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರಗಳಾದವು, ಅದು ದೊಡ್ಡ ಉಪಕಾರ. ಆದರೆ ನಾನು ಹೋಗುವ ಮನೆಗಳ ‘ಮಕ್ಕಳು’ ಈಗ ಮಕ್ಕಳಲ್ಲ, ಇಪ್ಪತ್ತೈದು ಮೂವತ್ತು ದಾಟಿದವರು. ಅವರನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವ ಅಮ್ಮಂದಿರಿಗೆ ಅರವತ್ತು, ಎಪ್ಪತ್ತು. ಸೊಂಟನೋವಿಗೆಂದು ನನ್ನ ಬಳಿ ಬರುವವರಲ್ಲಿ ಇವರೇ ಹೆಚ್ಚು. ತವರಿನಲ್ಲಿ ಮದುವೆಯಾದರೂ, ಸಾವಾದರೂ ಅವರು ಮನೆ ಬಿಟ್ಟು ಹೊರಡಲಾರರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನಮ್ಮಲ್ಲಿದೆ. ಆದರೆ ಎರಡು ದಿನದ ಮಟ್ಟಿಗೆ ಆ ಅಮ್ಮನ ಜಾಗದಲ್ಲಿ ನಿಲ್ಲುವ ತರಬೇತಾದ ಒಬ್ಬ ವ್ಯಕ್ತಿ ನಾನು ಓಡಾಡುವ ಊರುಗಳಲ್ಲಿ ಇಲ್ಲ. ತಾಲ್ಲೂಕಿಗೆ ಕೆಲವರನ್ನಾದರೂ ತರಬೇತಿ ಕೊಟ್ಟು, ಸಂಬಳ ಕೊಟ್ಟು ನೇಮಿಸಬೇಕೆಂದು ಜಿಲ್ಲಾಡಳಿತವನ್ನು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳೂ ಮನಸ್ಸು ಮಾಡಲಿ. ಒಂದೇ ದಿನ ಬಸ್ ತುಂಬ ಬಂದು ಹಣ್ಣು ಹಂಚಿ ಹೋಗುವುದು ಬೇಡ. ಇಬ್ಬರೇ ವಿದ್ಯಾರ್ಥಿಗಳು, ಪದವಿ ಮುಗಿಯುವವರೆಗೂ ಪ್ರತಿ ಶನಿವಾರ ಅದೇ ಮನೆಗೆ ಬರಲಿ. ಮೊದಲ ಕೆಲವು ತಿಂಗಳು ನೀರು ತರುವುದು, ಅಡಿಕೆ ಹೆಕ್ಕುವುದು, ಪಡಿತರ ಅಂಗಡಿಗೆ ಹೋಗಿ ಬರುವುದು ಇಷ್ಟೇ ಮಾಡಲಿ. ಎತ್ತುವುದು, ಉಣಿಸುವುದು, ಮಗ್ಗುಲು ಬದಲಿಸುವುದನ್ನು ಅಮ್ಮನ ಎದುರಿನಲ್ಲೇ ನಾನು ಕಲಿಸುತ್ತೇನೆ, ಅದಕ್ಕೆ ಶುಲ್ಕವಿಲ್ಲ. ವಿದೇಶಕ್ಕೆ ಹೋಗಬೇಕೆಂಬ ಆಸೆ ಆಮೇಲೂ ಇದ್ದರೆ ದಾ ನಾಂಗ್‌ನ ಕೇಂದ್ರಕ್ಕೆ ಪರಿಚಯ ಪತ್ರ ಬರೆದುಕೊಡುವವಳೂ ನಾನೇ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್
ಬೆಳ್ತಂಗಡಿ, ದಕ್ಷಿಣ ಕನ್ನಡ