ಮಗಳಿಗೊಂದು ಪತ್ರ: ಬದು ಬಿಟ್ಟು ಅಗೆದವರು

ಹಾಸನ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ.

ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್‌ನ ಮ್ಯೂಸಿಯಂನಲ್ಲಿ ರೋಮನ್ನರ ಕಾಲದ ಬಣ್ಣಗಲ್ಲಿನ ನೆಲಹಾಸಿನ ಎದುರು ನಿಂತಿರುವ ನಿನ್ನ ಫೋಟೋ ತಲುಪಿತು. ಹೆರಿಗೆಯಾದ ಮೇಲೆ ನಿನ್ನನ್ನು ಉತ್ಖನನಕ್ಕೆ ಕರೆಯುವುದನ್ನೇ ಬಿಟ್ಟಿದ್ದಾರೆ, ಪಾಠ ಮಾತ್ರ ಹೇಳಿಸುತ್ತಾರೆ ಎಂದು ನೀನು ಬರೆದದ್ದನ್ನು ಓದಿದಾಗ, ಅದೇ ಊರಿನ ನೆಲವನ್ನು ಅಗೆಸಿದ ಟೆಸ್ಸಾ ವೀಲರ್ ಅವರ ಬಗ್ಗೆ ನಿನಗೆ ಬರೆಯಬೇಕೆನಿಸಿತು. ನಾಚಿಕೆಯ ಮಾತೆಂದರೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದವರು ಮಾರ್ಟಿಮರ್ ವೀಲರ್ ಎಂದು ಮೂವತ್ತು ವರ್ಷ ಪಾಠ ಹೇಳಿದ ನಾನು, ಅವರ ಹೆಂಡತಿಯ ಹೆಸರನ್ನು ತಿಳಿದದ್ದು ನಿವೃತ್ತನಾದ ಮೇಲೆ.

ಟೆಸ್ಸಾ 1893ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದವರು. 1914ರಲ್ಲಿ ಮದುವೆ, ಮರುವರ್ಷವೇ ಮಗ. 1926ರಲ್ಲಿ ಗಂಡ ಲಂಡನ್ ಮ್ಯೂಸಿಯಂನ ಹೊಣೆ ಹೊತ್ತು ಹೊರಟಾಗ, ವೇಲ್ಸ್‌ನ ಕಾರ್ಲಿಯನ್‌ನಲ್ಲಿ ರೋಮನ್ ವೃತ್ತರಂಗದ ಉತ್ಖನನವನ್ನು ಆಕೆಯೇ ನಿಂತು ನಡೆಸಿದರು. 1930ರಿಂದ ಸೇಂಟ್ ಆಲ್ಬನ್ಸ್‌ನಲ್ಲಿ, ಅಂದರೆ ಹಳೆಯ ವೆರುಲೇಮಿಯಂನಲ್ಲಿ, ಅವರ ಕೈಕೆಳಗೆ ಕಲಿತ ವಿದ್ಯಾರ್ಥಿಗಳಲ್ಲಿ ಮುಂದೆ ಪ್ಯಾಲೆಸ್ಟೈನಿನ ಪ್ರಾಚೀನ ಊರು ಜೆರಿಕೊವನ್ನು ಅಗೆದ ಕ್ಯಾಥ್ಲೀನ್ ಕೆನ್ಯನ್ ಒಬ್ಬರು.

ನೆಲವನ್ನು ಚೌಕ ಚೌಕವಾಗಿ ಗುರುತಿಸಿ, ಗದ್ದೆಗೆ ಬಿಡುವಂತೆ ನಡುವೆ ಬದು ಬಿಟ್ಟು ಅಗೆಯುವುದು, ಆ ಬದುವಿನ ಮೈಯಲ್ಲಿ ಕಾಣುವ ಮಣ್ಣಿನ ಪದರಗಳಿಗೆ ಒಂದೊಂದಾಗಿ ಚೀಟಿ ಸಿಕ್ಕಿಸಿ, ಯಾವ ವಸ್ತು ಯಾವ ಪದರದ್ದು ಎಂದು ಬರೆದಿಡುವುದು: ಈ ಕ್ರಮ ಬೆಳೆದದ್ದು ಆ ದಂಪತಿಗಳಿಬ್ಬರ ಕೈಯಲ್ಲಿ. ಬ್ರಹ್ಮಗಿರಿಗೆ ಬಂದದ್ದೂ ಅದೇ. (ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಅವರು ಅಲ್ಲಿ ಅದಕ್ಕೂ ಮೊದಲೇ ಅಗೆಸಿದ್ದರು. ಅವರನ್ನು ಮರೆತು ವೀಲರ್ ಒಬ್ಬರನ್ನೇ ಹೊಗಳುವುದು ನನಗೆ ಸರಿಕಾಣುವುದಿಲ್ಲ.)

ನಿನಗೆ ಒಂಬತ್ತು ವರ್ಷವಿದ್ದಾಗ ಪಕ್ಕದ ಮನೆಯವರು ಪಾಯ ತೋಡಿಸಿದ್ದು ನೆನಪಿದೆಯೇ? ನೀನು ಗುಂಡಿಗಿಳಿದು, ಕೆಮ್ಮಣ್ಣಿನ ನಡುವೆ ಬೆರಳಗಲ ಹಾದುಹೋಗಿದ್ದ ಕಪ್ಪು ಗೆರೆಯನ್ನು ಮುಟ್ಟಿ, "ಅಪ್ಪಾ, ಇದು ಯಾಕೆ ಕಪ್ಪಗಿದೆ?" ಎಂದು ಕೇಳಿದ್ದೆ. "ಯಾರೋ ಒಲೆ ಉರಿಸಿರಬೇಕು, ಮೇಲೆ ಬಾ, ಲಂಗವೆಲ್ಲ ಮಣ್ಣು" ಎಂದು ನಾನು ಗದರಿದ್ದೆ. ಇತಿಹಾಸದ ಮೇಷ್ಟರು ಹೇಳುವ ಮಾತೇ ಅದು! ನೀನು ಆ ಗೆರೆಯಿಂದ ಕಿತ್ತು ತಂದ ಬೋಕಿಯನ್ನು ಕುಂಟೆಬಿಲ್ಲೆಗೆ ಬಳಸಿ ಸವೆಸಿದೆ.

1936ರ ಏಪ್ರಿಲ್‌ನಲ್ಲಿ, ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ, ಟೆಸ್ಸಾ 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಶ್ಚಿಮ ಏಷ್ಯಾದ ಪ್ರವಾಸದಿಂದ ಹಿಂತಿರುಗುತ್ತಿದ್ದ ಗಂಡನಿಗೆ ಅದು ತಿಳಿದದ್ದು ಪತ್ರಿಕೆಯಿಂದ. ದಂಪತಿಗಳಿಬ್ಬರೂ ವರ್ಷಗಟ್ಟಲೆ ಓಡಾಡಿ ಕಟ್ಟಿದ ಲಂಡನ್ನಿನ ಪುರಾತತ್ವ ಸಂಸ್ಥೆ ಬಾಗಿಲು ತೆರೆದದ್ದು ಮರುವರ್ಷ. ಆದರೆ ವೆರುಲೇಮಿಯಂ ವರದಿಯ ಮೇಲೆ ಇಬ್ಬರ ಹೆಸರೂ ಇದೆ.

ಆ ಮ್ಯೂಸಿಯಂಗೆ ಮತ್ತೆ ಹೋದಾಗ ಟೆಸ್ಸಾ ಅವರ ಹೆಸರನ್ನು ಎಲ್ಲಿ, ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ ಎಂಬುದನ್ನು ನೋಡಿ ನನಗೆ ತಿಳಿಸು. ನಿನ್ನ ಬೋಕಿ ನನ್ನ ಮೇಜಿನ ಖಾನೆಯಲ್ಲಿದೆ. ಯಾವ ಪದರದ್ದೆಂದು ಚೀಟಿ ಬರೆಯಲು ನಿನಗಾಗಿ ಕಾಯುತ್ತಿದ್ದೇನೆ.

ಇಂತು,
ನಿನ್ನ ಅಪ್ಪ