ಕೂಲಿ ಮಾಡುವ ಬಸುರಿಗೂ ರಜೆ ಬೇಡವೇ?

ಮಾನ್ಯರೇ,

ಹೆರಿಗೆಗೆ ಸಂಬಳದ ರಜೆ ಸಿಗುವುದು ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ ಮಾತ್ರ, ಕೂಲಿ ಮಾಡುವವರಿಗೆ ಇಲ್ಲ. 2017ರಲ್ಲಿ ಕಾನೂನು ತಿದ್ದಿ ಈ ರಜೆಯನ್ನು 26 ವಾರಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ನಾಟಿ ಸಮಯದಲ್ಲಿ ಸಿಂಧನೂರಿನ ಕಡೆ ಹೋಗಿ ನೋಡಿ, ಏಳು ತಿಂಗಳ ಬಸುರಿ ಕೂಡ ಕೆಸರಿನಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿರುತ್ತಾಳೆ, ಯಾಕಂದ್ರೆ ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಹೋಯಿತು. ‘ರಕ್ತ ಕಡಿಮೆ ಇದೆ, ಭಾರದ ಕೆಲಸ ಬೇಡಮ್ಮ’ ಅಂತ ನರ್ಸಮ್ಮ ಹೇಳಿದರೆ ಅವಳು ಏನು ಮಾಡಬೇಕು? ಕಬ್ಬಿಣದ ಮಾತ್ರೆ ಕೊಟ್ಟುಬಿಟ್ಟರೆ ಸಾಕಾಗಲ್ಲ.

ಬಸುರಿ-ಬಾಣಂತಿಯರಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಅದೂ ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6,000, ಗಂಡಾದರೆ ಏನೂ ಇಲ್ಲ. ಗಂಡು ಹೆತ್ತವಳಿಗೆ ಬಾಣಂತನ ಇರುವುದಿಲ್ಲವೇ? 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಇಂಥ ಭೇದವೇ ಇರಲಿಲ್ಲ, ನೌಕರಿಯಲ್ಲಿ ಈ ಸೌಲಭ್ಯ ಪಡೆಯುವವರನ್ನು ಬಿಟ್ಟು ಎಲ್ಲ ಗರ್ಭಿಣಿಯರಿಗೂ ಕನಿಷ್ಠ 6,000 ಕೊಡಬೇಕು ಎಂದೇ ಬರೆದಿದೆ.

ರಾಜ್ಯ ಸರ್ಕಾರವಾದರೂ ಕೂಲಿ ಮಾಡುವ ಬಸುರಿಯರಿಗೆ ಏಳನೇ ತಿಂಗಳಿಂದ ಹೆರಿಗೆಯಾಗಿ ಮೂರು ತಿಂಗಳವರೆಗೆ, ಕನಿಷ್ಠ ಕೂಲಿಯ ಲೆಕ್ಕದಲ್ಲಿ, ತಿಂಗಳು ತಿಂಗಳು ಅವರ ಖಾತೆಗೇ ಹಣ ಹಾಕಲಿ. ಎಷ್ಟನೇ ಮಗು, ಯಾವ ಮಗು ಅಂತ ಕೇಳುವುದು ಬೇಡ.

– ಓದುಗರೊಬ್ಬರು, ರಾಯಚೂರು