ಮಗಳಿಗೊಂದು ಪತ್ರ: ನೀನು ಕಂಡ ಜಪಾನ್

ಪ್ರೀತಿಯ ಪುಟ್ಟಿ,

ಶಾಲೆಯ ವಾರ್ಷಿಕ ಸಂಚಿಕೆಗೆಂದು ನೀನು ಬರೆದ ‘ನಾನು ಕಂಡ ಜಪಾನ್’ ಲೇಖನ ತಲುಪಿತು. ಅಪ್ಪ ಎಲ್ಲರಿಗೂ ಕೇಳುವಂತೆ ಓದಿದರು. ಶಿಂಕನ್‌ಸೆನ್ ರೈಲು 1964ರಲ್ಲಿ ಆರಂಭವಾದದ್ದು, ಫ್ಯೂಜಿ ಪರ್ವತದ ಎತ್ತರ 3,776 ಮೀಟರ್ ಎಂಬುದು, ಎಲ್ಲವೂ ಸರಿಯಾಗಿದೆ. ಆದರೆ ಇಷ್ಟನ್ನು ಜಪಾನ್ ನೋಡದವರೂ ಬರೆದಾರು. ಅಲ್ಲಿ ಒಂದನೆಯ ತರಗತಿಗೆ ಹೋದ ನನ್ನ ಮಗಳು ಈ ಲೇಖನದಲ್ಲಿ ಎಲ್ಲೂ ಸಿಗಲಿಲ್ಲ.

ನನಗೂ ಅಪ್ಪನಿಗೂ ಟೋಕಿಯೊ ಎಂದರೆ ಬಾಡಿಗೆ, ವೀಸಾ, ಬೆಳಗಿನ ರೈಲಿನ ನೂಕುನುಗ್ಗಲು. ನಾವಿದ್ದ ನಿಶಿಕಸಾಯಿ ಬಡಾವಣೆಯಲ್ಲಿ ಭಾರತೀಯರು ಬಹಳ ಇದ್ದುದರಿಂದ ತೊಗರಿಬೇಳೆಗೂ ಬರವಿರಲಿಲ್ಲ, ಮಾತಿಗೂ ಬರವಿರಲಿಲ್ಲ. ಆ ದೇಶದ ಒಳಮನೆಗೆ ಹೋಗಿ ಬಂದವಳು ನೀನೊಬ್ಬಳೇ.

ಶಾಲೆಯಲ್ಲಿ ಊಟ ಬಡಿಸುವ ಸರದಿ ನೆನಪಿದೆಯೇ? ಬಿಳಿ ನಿಲುವಂಗಿ, ಟೋಪಿ, ಮಾಸ್ಕ್ ತೊಟ್ಟು ಮಕ್ಕಳೇ ಬಡಿಸಬೇಕು. ಅವರ ಸಾರಿಗೆ ಮೀನಿನ ರಸ ಬೀಳುತ್ತದೆಂದು ನಿನಗೆ ಮನೆಯ ಡಬ್ಬಿ. ಆದರೂ ನೀನು ಸರದಿ ತಪ್ಪಿಸಲಿಲ್ಲ. ಎಲ್ಲರ ಬಟ್ಟಲಿಗೂ ಮಿಸೊ ಸಾರು ಹಾಕಿ, ಆಮೇಲೆ ಬಂದು ನಿನ್ನ ಚಪಾತಿ ಬಿಚ್ಚುತ್ತಿದ್ದೆ. ಶುಕ್ರವಾರ ಆ ನಿಲುವಂಗಿ ಮನೆಗೆ ಬರುತ್ತಿತ್ತು. ಸೋಮವಾರ ಅದನ್ನು ಇನ್ನೊಂದು ಮಗು ತೊಡಬೇಕು. “ಸುಕ್ಕು ಉಳಿದರೆ ಅವಳಿಗೆ ಬೇಜಾರಾಗುತ್ತದೆ, ಅಮ್ಮಾ” ಎಂದು ಇಸ್ತ್ರಿ ಮುಗಿಯುವವರೆಗೆ ನನ್ನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಮುಖ ಕಾಣದ ಯಾರದೋ ಮಗುವಿಗಾಗಿ ಕಾಲರ್ ತೀಡುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು.

ಡಬ್ಬಿಯ ವಾಸನೆಗೆ ಒಬ್ಬ ಹುಡುಗ ಮೂಗು ಮುಚ್ಚಿಕೊಂಡನಲ್ಲ, ಅದನ್ನೂ ಬರೆ. ಅವತ್ತು ನೀನು ಅತ್ತದ್ದೂ ಆ ದೇಶದ ಅನುಭವವೇ.

ಇನ್ನು ನಿನ್ನ ಅಸಾಗಾವೊ, ಆ ಹೂಬಳ್ಳಿ. ಒಂದನೆಯ ತರಗತಿಯ ಪ್ರತಿ ಮಗುವಿಗೂ ಒಂದು ಕುಂಡ, ಬೆರಳಿನಿಂದ ಒತ್ತಿ ನೆಟ್ಟ ಕೆಲವು ಬೀಜ. ಎಲೆಯ ಮೇಲೆ ನವಿರಾದ ಕೂದಲಿದೆ ಎಂದು ಮೊದಲು ಕಂಡವಳು ನೀನು. ಬೇಸಿಗೆ ರಜೆಗೆ ಆ ಕುಂಡವನ್ನು ಶಾಲೆಯಿಂದ ಹೊತ್ತು ತಂದೆವು. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುವ ಹೂಗಳನ್ನು ನೀರಿನಲ್ಲಿ ಹಿಸುಕಿ ನೇರಳೆ ಬಣ್ಣ ತೆಗೆದೆ, ನನ್ನ ಬಿಳಿ ದುಪಟ್ಟಾಗೂ ಬಳಿದೆ. ಶರತ್ಕಾಲದಲ್ಲಿ ಒಣಗಿದ ಕಾಯಿಯಿಂದ ಬೀಜ ಬಿಡಿಸಿ, ಮುಂದಿನ ವರ್ಷ ಸೇರುವ ಮಕ್ಕಳಿಗೆಂದು ಕಾಗದದ ಪೊಟ್ಟಣ ಕಟ್ಟಿದೆ.

ಮೈಸೂರಿಗೆ ಮರಳಿ ಹೊಸ ಶಾಲೆಗೆ ಸೇರಿದ ದಿನ, ಸಂಜೆ ಗಂಟೆಗೆ ಮುಂಚೆ ನೀನು ಪೊರಕೆ ಎಲ್ಲಿದೆ ಎಂದು ಕೇಳಿದೆಯಂತೆ. ಅಲ್ಲಿ ತರಗತಿ ಗುಡಿಸುವುದು ಮಕ್ಕಳ ಕೆಲಸವಾಗಿತ್ತು. ಎಲ್ಲರೂ ನಕ್ಕರು. ಅಂದಿನಿಂದ ನೀನು ಜಪಾನಿನ ಮಾತೆತ್ತುವುದನ್ನೇ ಬಿಟ್ಟೆ. ನೆಂಟರು “ಅಲ್ಲಿ ಚೆಂದವೋ ಇಲ್ಲಿ ಚೆಂದವೋ” ಎಂದರೆ, ಕೇಳಿದವರಿಗೆ ಹಿತವಾಗುವ ಉತ್ತರ ಕೊಡಲು ಕಲಿತೆ. ಈ ಲೇಖನವೂ ಹಾಗೆಯೇ ಬರೆದದ್ದು ಎಂದು ನನಗೆ ಅನಿಸುತ್ತದೆ. ಒಂದನೆಯ ತರಗತಿಯಲ್ಲಿ ಕಲಿತ 80 ಕಾಂಜಿ ಅಕ್ಷರಗಳಲ್ಲಿ ಎಷ್ಟೋ ನಿನಗೆ ಈಗಾಗಲೇ ಮರೆತಿವೆ. ಉಳಿದದ್ದಾದರೂ ಕಾಗದಕ್ಕೆ ಬರಲಿ, ಮಗಳೇ. ನಗುವವರು ನಗಲಿ.

ನೀನು ಬಿಡಿಸಿದ ಅಸಾಗಾವೊ ಚಿತ್ರಗಳು ಬೀರುವಿನಲ್ಲಿವೆ. ಭಾನುವಾರ ಅಪ್ಪ ಹಾಸ್ಟೆಲ್‌ಗೆ ಬರುವಾಗ ಚಕ್ಕುಲಿಯ ಜೊತೆ ಕಳುಹಿಸುತ್ತೇನೆ. ಸಂಚಿಕೆಗೆ ಕೊಡಲು ಎಂದಿನವರೆಗೆ ಸಮಯವಿದೆ ಎಂದು ಫೋನ್ ಮಾಡಿ ತಿಳಿಸು.

ನಿನ್ನ
ಅಮ್ಮ